ಮಕ್ಕಳ ತೂಕದಲ್ಲೂ ಜಾತಿ ಹುಡುಕ್ತೀರಾ ಅಂದವರಿಗೆ



ಮೊನ್ನೆ ಒಂದು ಸಭೆಯಲ್ಲಿ, ತಾಲ್ಲೂಕಿನ ಅಂಗನವಾಡಿ ಮಕ್ಕಳ ತೂಕದ ಲೆಕ್ಕವನ್ನ ಕೇಂದ್ರವಾರು, ಜಾತಿ ವರ್ಗವಾರು ಕೊಡಿ ಅಂತ ಕೇಳಿದೆ. ಅಧಿಕಾರಿಯೊಬ್ಬರು ನಗ್ತಾ ಅಂದ್ರು: "ಮಕ್ಕಳ ತೂಕದಲ್ಲೂ ಜಾತಿ ಹುಡುಕ್ತೀರೇನ್ರಿ?" ಸುತ್ತ ಇದ್ದವರೂ ನಕ್ಕರು. ಉತ್ತರ ಇಲ್ಲಿ ಕೊಡ್ತಿದೀನಿ.

ಸ್ವಾಮಿ, ತಕ್ಕಡಿಗೆ ಜಾತಿ ಹಾಕಿದ್ದು ನಾವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಶೇ. 32.9ರಷ್ಟು ಮಕ್ಕಳಿಗೆ ತಕ್ಕ ತೂಕ ಇಲ್ಲ. ದೇಶದ ಲೆಕ್ಕದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳೇ ಹೆಚ್ಚು ಕುಂಠಿತರಾಗಿದ್ದಾರೆ ಅಂತ ಅದೇ ಸಮೀಕ್ಷೆ ಹೇಳುತ್ತೆ. ದೇಶಕ್ಕೆ ಈ ಲೆಕ್ಕ ಬೇಕು, ನಮ್ಮ ಕೇರಿಗೆ ಬೇಡವಾ?

ನಾನು ಗುಮಾಸ್ತ. ಕ್ರೋಡೀಕೃತ ವರದಿ ಹೇಗೆ ತಯಾರಾಗುತ್ತೆ ಅಂತ ನನಗೆ ಗೊತ್ತು. ಉದಾಹರಣೆಗೆ, ಊರೊಳಗಿನ ಕೇಂದ್ರದ 40 ಮಕ್ಕಳಲ್ಲಿ 4 ಮಂದಿಗೆ ತೂಕ ಕಮ್ಮಿ, ಕೇರಿಯ ಕೇಂದ್ರದ 40ರಲ್ಲಿ 16 ಮಂದಿಗೆ ಕಮ್ಮಿ ಅನ್ಕೊಳ್ಳಿ. ಎರಡೂ ಕೂಡಿಸಿದ್ರೆ ಶೇ. 25. ಕಡತ ಮೇಲೆ ಹೋಗುತ್ತೆ, ಸಹಿ ಬೀಳುತ್ತೆ. ಕೇರಿಯ ಶೇ. 40 ಎಲ್ಲಿ ಹೋಯ್ತು? ಸರಾಸರಿ ಅನ್ನೋದು ನಮ್ಮ ಮಕ್ಕಳ ಹಸಿವನ್ನ ಮುಚ್ಚೋ ಚಾದರ.

ಪ್ರತಿ ತಿಂಗಳು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡ್ತಾರೆ, 2021ರಿಂದ ಪೋಷಣ್ ಟ್ರ್ಯಾಕರ್‌ಗೂ ಹಾಕ್ತಾರೆ. ಮಾಹಿತಿ ಇಲ್ಲ ಅನ್ನೋ ಮಾತೇ ಇಲ್ಲ. ಪಕ್ಕಪಕ್ಕ ಇಟ್ಟು ನೋಡೋ ಮನಸ್ಸಿಲ್ಲ ಅಷ್ಟೆ. ನೋಡಿದ್ರೆ ಪ್ರಶ್ನೆ ಹುಟ್ಟುತ್ತೆ. ಕೇರಿಯ ಕೇಂದ್ರಕ್ಕೆ ಮೊಟ್ಟೆ ಸರಿಯಾಗಿ ಬರ್ತಿದೆಯಾ? ಸಹಾಯಕಿ ಹುದ್ದೆ ಖಾಲಿ ಇದೆಯಾ? ಕೇಂದ್ರ ಊರೊಳಗಿದ್ದು ನಮ್ಮ ಮಕ್ಕಳು ಒಳಗೆ ಹೋಗೋಕೆ ಹೆದರ್ತಿದ್ದಾರಾ? ಮೂರು ತಿಂಗಳಿಂದ ತೂಕ ಏರದ ಮಗುವನ್ನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಯಾಕೆ ಕಳಿಸಿಲ್ಲ? ದಲಿತ, ಆದಿವಾಸಿ ವಸತಿಗಳಿಗೆ ಅಂಗನವಾಡಿ ಕೊಡೋದ್ರಲ್ಲಿ ಆದ್ಯತೆ ಇರಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಆದ್ಯತೆ ಸಿಕ್ಕಿದೆಯೋ ಇಲ್ಲವೋ ತಿಳಿಯೋದು ಹೋಲಿಸಿದಾಗ ಮಾತ್ರ.

ಒಂದು ಎಚ್ಚರಿಕೆ. ಈ ಅಂಕಿ ಹಿಡಿದು ಅಂಗನವಾಡಿ ಅಕ್ಕನಿಗೆ ನೋಟಿಸ್ ಕೊಟ್ರೆ, ಮುಂದಿನ ತಿಂಗಳು 8 ಕೆಜಿ ಮಗು ಮೊಬೈಲಲ್ಲಿ 9 ಕೆಜಿ ಆಗುತ್ತೆ! ಅಂಕಿ ಕೆಟ್ಟಿರೋ ಕಡೆಗೆ ಶಿಕ್ಷೆ ಹೋಗಬಾರದು, ಆಹಾರ, ಕಟ್ಟಡ, ಸಿಬ್ಬಂದಿ ಹೋಗಬೇಕು. ಮಕ್ಕಳ ಹೆಸರೂ ಯಾರಿಗೂ ಬೇಡ. ಕೇಂದ್ರದ ಲೆಕ್ಕ ಸಾಕು.

ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ಟೋಕೆ ಸಾವಿರಾರು ರೂಪಾಯಿ ಎತ್ತೋ ನಾವು, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಮ್ಮ ಕೇರಿ ಮಕ್ಕಳ ಲೆಕ್ಕ ಕೇಳಿದ್ದೀವಾ? ನಾನೂ ಇಷ್ಟು ವರ್ಷ ಕೇಳಿರಲಿಲ್ಲ. ಈ ವಾರ ಅರ್ಜಿ ಹಾಕ್ತಿದೀನಿ. ನೀವೂ ನಿಮ್ಮ ತಾಲ್ಲೂಕಲ್ಲಿ ಹಾಕಿ. ಕಳೆದ 12 ತಿಂಗಳದ್ದು, ಕೇಂದ್ರವಾರು, ವರ್ಗವಾರು ಅಂತ ಸ್ಪಷ್ಟವಾಗಿ ಬರೀರಿ. ಬಂದ ಉತ್ತರ ಹಿಡಿದು ಗ್ರಾಮಸಭೆಗೆ ಹೋಗೋಣ.

ಅಲ್ಲಿ ಯಾರು ನಗ್ತಾರೋ ನೋಡೋಣ.

ಜೈಭೀಮ್.