ಯಾತ್ರಿಕನೂ ಅವನ ಛಾಯಾಚಿತ್ರಗಳೂ

ಪರದೇಶಗಳಲ್ಲಿ ಸಂಚರಿಸಿ ಮನೆಗೆ ಮರಳಿದವನು ಕೆಲವು ವರ್ಷಗಳ ಬಳಿಕ ನೆಂಟರಿಷ್ಟರನ್ನು ಕೂಡಿಸಿಕೊಂಡು, ತಾನು ತೆಗೆದ ಛಾಯಾಚಿತ್ರಗಳನ್ನು ಒಂದೊಂದಾಗಿ ತೋರಿಸುವುದು ಸುಶಿಕ್ಷಿತರ ಮನೆಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ. "ಇದು ಯಾವ ಊರು?" ಎಂದು ಯಾರಾದರೂ ಕೇಳಿದರೆ ಯಾತ್ರಿಕನು ತಲೆ ತುರಿಸಿಕೊಳ್ಳುತ್ತಾನೆ. ಚಿತ್ರಗಳು ಸಾವಿರವಿವೆ, ಹೇಳುವುದಕ್ಕೆ ಹತ್ತು ಮಾತುಗಳಿಲ್ಲ. ಆದರೂ ಈ ರಾಶಿಗೆ 'ನೆನಪು' ಎಂಬ ಹೆಸರು ಸಂದಿದೆ. ಆ ಹೆಸರು ಅದಕ್ಕೆ ಸಲ್ಲತಕ್ಕದ್ದಲ್ಲ.

ಮನುಷ್ಯನ ಮನಸ್ಸು ಮರೆಯುತ್ತದೆ, ಯಂತ್ರವು ಮರೆಯದು ಎಂಬುದು ಯಂತ್ರದ ಪಕ್ಷಪಾತಿಗಳ ವಾದ. ಇದರಲ್ಲಿ ಅರ್ಧ ಸತ್ಯವಿದೆ; ಆದುದರಿಂದಲೇ ಇದು ಅಪಾಯಕರವಾದುದು. ಯಂತ್ರವು ಗೋಪುರದ ಆಕಾರವನ್ನು ಉಳಿಸೀತು. ಅದರೆದುರು ನಿಂತವನು ಏನನ್ನು ಕಂಡನೆಂಬುದನ್ನು ಉಳಿಸಲಾರದು. ಕಾಣದುದನ್ನು ನೆನೆಯುವುದೆಂತು? 1888ರಲ್ಲಿ ಈಸ್ಟ್‌ಮನ್ನನು ಮಾರಾಟಕ್ಕೆ ತಂದ ಕೊಡ್ಯಾಕ್ ಯಂತ್ರದ ಸುರುಳಿಯಲ್ಲಿ 100 ಚಿತ್ರಗಳಿಗೆ ಮಾತ್ರ ಎಡೆಯಿತ್ತು. ಇಂದಿನ ಮೊಬೈಲಿಗೆ ಅಂತಹ ಅಂಕೆಯಿಲ್ಲ; ಅಂಕೆಯಿಲ್ಲದೆಡೆಯಲ್ಲಿ ಆಯ್ಕೆಯೂ ಇಲ್ಲ.

ಇದು ಬರಿಯ ಹಳಬರ ಗೊಣಗಾಟವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನರು ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಇಡಿಯಾಗಿ ಚಿತ್ರ ತೆಗೆದ ವಸ್ತುಗಳು ಅವರ ನೆನಪಿನಲ್ಲಿ ಕಡಿಮೆ ಉಳಿದುವು. ಆದರೆ ವಸ್ತುವಿನ ಒಂದು ಭಾಗವನ್ನೇ ಸಮೀಪಕ್ಕೆ ತಂದು ತೆಗೆದಾಗ ಈ ಹಾನಿಯು ತೋರಲಿಲ್ಲ. ಎಂದಮೇಲೆ ದೋಷವು ಯಂತ್ರದ್ದಲ್ಲ, ಲಕ್ಷ್ಯವಿಡದ ಕಣ್ಣಿನದು.

ಜಾನ್ ರಸ್ಕಿನ್ನನ ನಿದರ್ಶನವನ್ನು ನೋಡಬಹುದು. 1845ರಲ್ಲಿ ವೆನಿಸ್ ನಗರಕ್ಕೆ ಹೋದ ಆತನು, ಬೆಳ್ಳಿಯ ಲೇಪವಿದ್ದ ತಾಮ್ರದ ಫಲಕದ ಮೇಲೆ ಮೂಡಿಸುತ್ತಿದ್ದ ಅಂದಿನ ಛಾಯಾಚಿತ್ರಗಳನ್ನು ಕೊಂಡು ಹಿಗ್ಗಿದನು. ಮುಂದೆ ತನ್ನ ಸೇವಕನ ನೆರವಿನಿಂದ ತಾನೂ ತೆಗೆಯಿಸಿದನು. ಆದರೆ ಅಳತೆಯ ಪಟ್ಟಿಯನ್ನಾಗಲಿ ಸೀಸದ ಕಡ್ಡಿಯನ್ನಾಗಲಿ ಆತನು ಕೈಬಿಡಲಿಲ್ಲ. ಕಮಾನುಗಳನ್ನು ಅಳೆದನು, ಕಂಬಗಳ ಬೋದಿಗೆಗಳನ್ನು ಬರೆದುಕೊಂಡನು. 1851ರಿಂದ 1853ರ ವರೆಗೆ 'ವೆನಿಸ್ಸಿನ ಶಿಲೆಗಳು' ಮೂರು ಸಂಪುಟಗಳಾಗಿ ಹೊರಬಂದುವು. ಚಿತ್ರವು ಅವನ ದುಡಿಮೆಗೆ ಊಳಿಗ ಮಾಡಿತು. ದುಡಿಮೆಯ ಸ್ಥಾನವನ್ನು ಆಕ್ರಮಿಸಲಿಲ್ಲ. ಕನ್ನಡ ವಾಚಕರು ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ದಲ್ಲಿ ಯೂರೋಪನ್ನು ಕಾಣುವುದೂ ಮಾತಿನ ಬಲದಿಂದಲೇ.

ಹಾಗೆಂದು ಯಂತ್ರವನ್ನು ಸಮುದ್ರಕ್ಕೆಸೆಯಬೇಕೆಂದಲ್ಲ. ಸಾವಿರದಲ್ಲಿ ಇಪ್ಪತ್ತನ್ನು ಆರಿಸಿ, ಒಂದೊಂದರ ಹಿಂದೆ ಊರು, ದಿನ, ಜೊತೆಗಿದ್ದವರ ಹೆಸರು, ಅಂದು ಮನಸ್ಸಿಗೆ ತಟ್ಟಿದ ಒಂದು ಮಾತು, ಇಷ್ಟನ್ನು ಬರೆದಿಟ್ಟರೆ ಸಾಕು. ಇಷ್ಟನ್ನೂ ಮಾಡದ ಯಾತ್ರಿಕನು ತೀರಿಕೊಂಡ ಬಳಿಕ ಅವನ ಮೊಮ್ಮಕ್ಕಳ ಕೈಗೆ ಬರುವುದು ಹೆಸರಿಲ್ಲದ ಮುಖಗಳು, ತಿಥಿಯಿಲ್ಲದ ದಿನಗಳು. ಅಜ್ಜನು ಲೋಕವನ್ನು ಸುತ್ತಿದನೆಂದು ಅವರು ತಿಳಿದಾರು. ಲೋಕದಲ್ಲಿ ಏನನ್ನು ಕಂಡನೆಂದು ಎಂದಿಗೂ ತಿಳಿಯರು.