ಪ್ರೊಜೆಕ್ಟರಿಗೂ ಬೇಕು ಬೀಗ
ಬಾದಾಮಿಯ ಗುಹೆಯನ್ನೋ ಇಳಕಲ್ ಸೀರೆಯ ಸೆರಗನ್ನೋ ಬಾಗಲಕೋಟೆ, ಹುನಗುಂದದ ತರಗತಿಯ ಗೋಡೆಗೆ ತರುವ ಪ್ರೊಜೆಕ್ಟರ್ ನೆಟ್‌ವರ್ಕಿಗೆ ಸೇರಿತೆಂದರೆ ಅದೂ ಒಂದು ಕಂಪ್ಯೂಟರೇ. ಚಿತ್ರ ನೆಟ್ಟಗೆ ಬಿದ್ದರೆ ಕೆಲಸ ಮುಗಿಯಿತೆಂದು ಅದನ್ನು ಅಳವಡಿಸುವ ನಾವು ಏಣಿ ಇಳಿಯುತ್ತೇವೆ. ಕಂಪನಿ ಇಟ್ಟ ಪಾಸ್‌ವರ್ಡ್ ಹಾಗೇ ಉಳಿಯುತ್ತದೆ. ಅದು ಕೈಪಿಡಿಯಲ್ಲೇ ಅಚ್ಚಾಗಿದ್ದರೆ, ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗಿಬಿಟ್ಟಂತೆ. ಬೇರೆ ಬೇರೆ ಕಂಪನಿಗಳ ಪ್ರೊಜೆಕ್ಟರುಗಳನ್ನು ದೂರದಿಂದ ನಿಯಂತ್ರಿಸಲು ಜಪಾನಿನಲ್ಲಿ ರೂಪುಗೊಂಡ ಪಿಜೆಲಿಂಕ್ ಎಂಬ ಪ್ರೊಟೊಕಾಲ್, 4352ನೇ ಪೋರ್ಟಿನಲ್ಲಿ ಆದೇಶಕ್ಕೆ ಕಾಯುತ್ತಿರುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ ಅದೇ ನೆಟ್‌ವರ್ಕಿನಲ್ಲಿರುವ ಯಾರಾದರೂ ಪಾಠದ ನಡುವೆ ಯಂತ್ರವನ್ನೇ ಆರಿಸಬಹುದು. ಆದ್ದರಿಂದ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ, ಸ್ಥಿರ ಐಪಿ ಕೊಡಿ, ವಿದ್ಯಾರ್ಥಿಗಳ ವೈಫೈಯಿಂದ ಬೇರೆಯಾಗಿಡಿ. ವೈರ್ ಇಲ್ಲದೆ ಚಿತ್ರ ಕಳಿಸುವವರಿಗೆ ಪ್ರತಿ ಸಲ ಪರದೆಯ ಮೇಲೆ ಹೊಸ ಪಿನ್ ಮೂಡಲಿ. ಟೆಂಡರಿನಲ್ಲಿ ಬೆಳಕು ಎಷ್ಟು ಲ್ಯೂಮೆನ್ಸ್ ಎಂದು ಕೇಳುವವರು ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷವೆಂದೂ ಕೇಳಲಿ.