ಅಂಗಳವೂ ಡೊಂಕಿರಬಹುದು

ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ವಿಡಿಯೋ ಆಟದಲ್ಲಿ ಸೋತ ಹುಡುಗನು, “ನಾನು ಮುಟ್ಟಲೇ ಇಲ್ಲಮ್ಮಾ, ನನ್ನ ಆಟಗಾರ ತಾನಾಗಿಯೇ ಎಡಕ್ಕೆ ಓಡಿಬಿಟ್ಟ” ಎಂದು ದೂರಿದಾಗ ತಾಯಿಯ ಬಾಯಿಗೆ ಮೊದಲು ಬರುವುದು ಈ ಗಾದೆಯೇ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಎರಡು ಕಂಟ್ರೋಲರುಗಳಲ್ಲಿ ತಂಗಿಯದು ಹೊಸದರಂತೆಯೇ ಇದ್ದು, ಅಣ್ಣನದು ಏಳೇ ತಿಂಗಳಿಗೆ ಕೆಟ್ಟಿತೆಂದರೆ ತೀರ್ಪು ಕೊಡಲು ತಂದೆಗೂ ತಡವಾಗುವುದಿಲ್ಲ. “ನಿನ್ನ ಕೈಯೇ ಒರಟು. ಇನ್ನೊಂದನ್ನು ಕೊಡಿಸುವುದಿಲ್ಲ” ಎಂದುಬಿಡುತ್ತಾರೆ. ಕಂಟ್ರೋಲರು ಅಗ್ಗದ ವಸ್ತುವಲ್ಲವಾದುದರಿಂದ ಈ ಕೋಪವು ಸಹಜವೇ. ಆದರೆ ಮನೆಮನೆಯ ಈ ಮೊಕದ್ದಮೆಯಲ್ಲಿ ಆರೋಪಿಯ ಪರವಾಗಿ ಹೇಳತಕ್ಕ ಮಾತುಗಳು ಬಹಳವಿವೆ.

ಮೊದಲು ಕಂಟ್ರೋಲರಿನ ಒಳಗೆ ಇಣುಕಿ ನೋಡಬೇಕು. ಹೆಬ್ಬೆರಳಿನಿಂದ ಆಡಿಸುವ ಮೋಟು ಸ್ಟಿಕ್ಕಿನ ಬುಡದಲ್ಲಿ ಪೊಟೆನ್ಷಿಯೋಮೀಟರ್ ಎಂಬ ಎರಡು ಪುಟ್ಟ ಭಾಗಗಳಿರುತ್ತವೆ. ಒಂದು ಎಡಬಲದ ಲೆಕ್ಕಕ್ಕೆ, ಮತ್ತೊಂದು ಮೇಲುಕೆಳಗಿನ ಲೆಕ್ಕಕ್ಕೆ. ಇಂಗಾಲದ ತೆಳುಲೇಪವುಳ್ಳ ಒಂದು ಪಟ್ಟಿ, ಅದರ ಮೇಲೆ ಜಾರುವ ಲೋಹದ ಒಂದು ನಾಲಗೆ. ಇಷ್ಟೇ ಅದರ ರಚನೆ. ನಾಲಗೆಯು ಪಟ್ಟಿಯ ಯಾವ ಸ್ಥಾನದಲ್ಲಿದೆಯೆಂಬುದನ್ನು ವಿದ್ಯುತ್ತಿನಿಂದ ಅಳೆದು ಯಂತ್ರವು ಬೆರಳಿನ ಇಂಗಿತವನ್ನು ತಿಳಿದುಕೊಳ್ಳುತ್ತದೆ.

ಹಳೆಯ ರೇಡಿಯೋದ ಧ್ವನಿ ಏರಿಸುವ ಗುಂಡಿಯೊಳಗೆ ಇದ್ದುದೂ ಇದೇ ಏರ್ಪಾಟು. ವರ್ಷಗಳು ಕಳೆದ ಮೇಲೆ ಆ ಗುಂಡಿಯನ್ನು ತಿರುವಿದರೆ ಕರಕರ ಸದ್ದು ಬರುತ್ತಿದ್ದುದು ಮನೆಯ ಹಿರಿಯರಿಗೆ ನೆನಪಿರಬಹುದು. ಲೇಪವು ಸವೆದು ಧೂಳು ಸೇರಿದುದರ ಫಲ ಅದು. ರೇಡಿಯೋದ ಗುಂಡಿಯನ್ನಾದರೋ ದಿನಕ್ಕೆ ನಾಲ್ಕಾರು ಬಾರಿ ಮುಟ್ಟುತ್ತಿದ್ದರು; ಸ್ಟಿಕ್ಕು ನಿಮಿಷಕ್ಕೆ ಹತ್ತಾರು ಬಾರಿ ಓಡಾಡುತ್ತದೆ. ಲೇಪ ಸವೆದ ಕಡೆ ಅಳತೆ ತಪ್ಪುತ್ತದೆ. ಬೆರಳನ್ನು ತೆಗೆದ ಮೇಲೂ ಸ್ಟಿಕ್ಕು ಓರೆಯಾಗಿಯೇ ಇದೆಯೆಂದು ಯಂತ್ರವು ಭ್ರಮಿಸಿ, ತೆರೆಯ ಮೇಲಿನ ಆಟಗಾರನನ್ನು ಓಡಿಸುತ್ತದೆ. ಹುಡುಗರು ‘ಡ್ರಿಫ್ಟ್’ ಎನ್ನುವುದು ಇದನ್ನೇ.

ಇನ್ನು ಅಣ್ಣತಂಗಿಯರ ಲೆಕ್ಕ. ಅಮೆರಿಕದ ಐಫಿಕ್ಸಿಟ್ ಎಂಬ ದುರಸ್ತಿ ಸಂಸ್ಥೆಯವರು 2021ರಲ್ಲಿ ಪ್ಲೇಸ್ಟೇಷನ್ 5ರ ಕಂಟ್ರೋಲರನ್ನು ಬಿಚ್ಚಿ ಪರೀಕ್ಷಿಸಿದರು. ಒಳಗಿದ್ದ ಜಪಾನಿನ ಆಲ್ಪ್ಸ್ ಕಂಪನಿಯ ಸ್ಟಿಕ್ಕಿಗೆ ಗೊತ್ತುಪಡಿಸಿದ್ದ ಆಯುಷ್ಯ 20 ಲಕ್ಷ ಸುತ್ತುಗಳು. ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ. ಆದರೆ ‘ಕಾಲ್ ಆಫ್ ಡ್ಯೂಟಿ’ಯಂಥ ಬಿರುಸಿನ ಯುದ್ಧದಾಟದಲ್ಲಿ ಅದು ಸುಮಾರು 417 ಗಂಟೆಗಳಲ್ಲಿಯೇ ಮುಗಿದುಹೋಗಬಹುದೆಂದು ಅವರು ಅಂದಾಜು ಮಾಡಿದರು. ದಿನಕ್ಕೆ 2 ಗಂಟೆ ಆಡುವವನಿಗೆ ಇದು ಏಳು ತಿಂಗಳ ಮಾತು. ಭಾನುವಾರ ಮಾತ್ರ 2 ಗಂಟೆ ಆಡುವವಳಿಗೆ ಅದೇ ಸ್ಟಿಕ್ಕು ನಾಲ್ಕು ವರ್ಷ ಬಂದೀತು. ಅವಳ ಆಟವು ನಿಧಾನವಾಗಿ ಯೋಚಿಸಿ ಆಡುವ ಬಗೆಯದಾದರೆ ಇನ್ನೂ ಹೆಚ್ಚು. ಅಣ್ಣನ ಕೈ ಒರಟಲ್ಲ, ತಂಗಿಯ ಕೈ ಹೂವೂ ಅಲ್ಲ. ಒಬ್ಬನ ಚಪ್ಪಲಿ ದಿನವೂ ಬೀದಿ ಸುತ್ತಿತು, ಇನ್ನೊಬ್ಬಳದು ಬಾಗಿಲಲ್ಲಿಯೇ ಇತ್ತು, ವ್ಯತ್ಯಾಸವು ಅಷ್ಟೇ.

ಯಾವ ಆಟ ಎಂಬುದು ಎಷ್ಟು ಮುಖ್ಯವೆಂಬುದಕ್ಕೆ ನಿಂಟೆಂಡೋ 64 ಯಂತ್ರದ ‘ಮಾರಿಯೋ ಪಾರ್ಟಿ’ಯ ಕಥೆಗಿಂತ ಬೇರೆ ನಿದರ್ಶನ ಬೇಕಿಲ್ಲ. 1998ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಬಿಡುಗಡೆಯಾದ ಈ ಆಟದ ಕೆಲವು ಪಂದ್ಯಗಳಲ್ಲಿ ಸ್ಟಿಕ್ಕನ್ನು ಆದಷ್ಟು ವೇಗವಾಗಿ ಗರಗರನೆ ತಿರುಗಿಸಿದವನೇ ಗೆದ್ದವನು. ಹೆಬ್ಬೆರಳಿನ ವೇಗ ಸಾಲದೆಂದು ಮಕ್ಕಳು ಅಂಗೈಯನ್ನೇ ಇಟ್ಟು ತಿರುವಿದರು. ಅಂಗೈಯಲ್ಲಿ ಬೊಬ್ಬೆಗಳೆದ್ದವು, ಚರ್ಮ ಸುಲಿಯಿತು. ದೂರು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ಹೋಯಿತು. 2000ದಲ್ಲಿ ಆದ ಒಪ್ಪಂದದಂತೆ ಕಂಪನಿಯು ಆಟವನ್ನು ಕೊಂಡ ಮನೆಗಳಿಗೆ ಕೈಗವಸುಗಳನ್ನು ಕೊಡಲು ಒಪ್ಪಬೇಕಾಯಿತು! ಆ ಸ್ಟಿಕ್ಕಿನ ಬುಡವು ಪ್ಲಾಸ್ಟಿಕ್ಕಿನ ಬಟ್ಟಲೊಂದರಲ್ಲಿ ಉಜ್ಜುತ್ತ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಬೀಸುವ ಕಲ್ಲಿನ ಸುತ್ತ ಹಿಟ್ಟು ಬಿದ್ದಂತೆ ಬಿಳಿಯ ಪುಡಿ. ಸ್ಟಿಕ್ಕು ಸಡಿಲವಾಗಿ ಅಲುಗಾಡುತ್ತಿತ್ತು. ಮಕ್ಕಳು ಮಾಡಿದ್ದು ಆಟವು ಕೇಳಿದುದನ್ನೇ. ಅಂಗೈ ಸವೆದಂತೆ ಕಂಟ್ರೋಲರೂ ಸವೆಯಿತು.

ಕಂಪನಿಯ ಪಾಲೂ ಇಲ್ಲದಿಲ್ಲ. 2017ರಲ್ಲಿ ಬಂದ ನಿಂಟೆಂಡೋ ಸ್ವಿಚ್ ಯಂತ್ರದ ‘ಜಾಯ್-ಕಾನ್’ ಕಂಟ್ರೋಲರುಗಳು ತಾವಾಗಿಯೇ ಸರಿಯುತ್ತವೆಂಬ ದೂರು ಎಷ್ಟು ಬೆಳೆಯಿತೆಂದರೆ, 2019ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೋ ಫುರುಕಾವಾ ಅವರು ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೇಳಿದರು. ಅಷ್ಟೊಂದು ಮನೆಗಳ ಮಕ್ಕಳೆಲ್ಲರೂ ಒರಟರಾಗಿದ್ದಿರಲಾರರು.

ಹಾಗೆಂದು ಕೈಗೆ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಆಟದ ಉದ್ವೇಗದಲ್ಲಿ ಸ್ಟಿಕ್ಕನ್ನು ಅಂಚಿಗೆ ಒತ್ತಿ ಹಿಡಿಯುವವರುಂಟು. ಅಂಚು ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ತೆರೆಯ ಮೇಲಿನ ಓಟ ಹೆಚ್ಚುವುದಿಲ್ಲ. ಹೆಚ್ಚುವುದು ಸವೆತ ಮಾತ್ರ. ಚಕ್ಕುಲಿ ತಿನ್ನುತ್ತ ಆಡಿದರೆ ಪುಡಿಯೂ ಜಿಡ್ಡೂ ಸ್ಟಿಕ್ಕಿನ ಸಂದಿಗೆ ಇಳಿಯುತ್ತವೆ. ಚಾರ್ಜು ಮಾಡುವ ತಂತಿಯನ್ನು ಸಿಕ್ಕಿಸಿಕೊಂಡೇ ಎಳೆದಾಡುವವರ ಮನೆಯಲ್ಲಿ ತಂತಿಯ ಕುತ್ತಿಗೆ ಮೊದಲು ಮುರಿಯುತ್ತದೆ. ಸೋತ ಸಿಟ್ಟಿನಲ್ಲಿ ನೆಲಕ್ಕೆ ಎಸೆಯುವವನ ಪರವಾಗಿ ವಾದಿಸಲು ಯಾವ ವಕೀಲನಿಗೂ ಸಾಧ್ಯವಿಲ್ಲ.

ಉಜ್ಜಾಟವೇ ಇಲ್ಲದ ಸ್ಟಿಕ್ಕುಗಳೂ ಉಂಟು. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿಯು ಕಂಡುಹಿಡಿದ ತತ್ತ್ವವನ್ನು ಅನುಸರಿಸಿ, ಇವುಗಳಲ್ಲಿ ಅಯಸ್ಕಾಂತದ ಚಲನೆಯನ್ನು ದೂರದಿಂದಲೇ ಅಳೆಯುತ್ತಾರೆ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಯಂತ್ರದ ಕಂಟ್ರೋಲರಿನಲ್ಲಿಯೇ ಈ ಏರ್ಪಾಟು ಇತ್ತು. ಇಂದು ‘ಹಾಲ್ ಎಫೆಕ್ಟ್’ ಎಂಬ ಹೆಸರಿನಿಂದ ಮಾರಾಟವಾಗುವುವು ಇವೇ. ಸ್ಪ್ರಿಂಗೂ ರಬ್ಬರಿನ ಟೋಪಿಯೂ ಇವುಗಳಲ್ಲಿಯೂ ಹಳೆಯವಾಗುತ್ತವೆ. ಆದರೆ ಅಳೆಯುವ ಭಾಗದಲ್ಲಿ ಉಜ್ಜುವಿಕೆಯಿಲ್ಲದ ಕಾರಣ ಸವೆತವೂ ಇಲ್ಲ. ಮನೆಯಲ್ಲಿ ದಿನವೂ ಆಡುವವರಿದ್ದರೆ ಮುಂದಿನ ಸಲ ಕೊಳ್ಳುವಾಗ ಅಂಗಡಿಯವನನ್ನು ಈ ಬಗ್ಗೆ ವಿಚಾರಿಸುವುದು ಲಾಭಕರ.

ಈಗ ಇರುವ ಕಂಟ್ರೋಲರಿನ ವಿಷಯದಲ್ಲಿ ತೀರ್ಪಿಗೆ ಮೊದಲು ಒಂದು ಸಣ್ಣ ಪರೀಕ್ಷೆ ನಡೆಯಲಿ. ಆಟವನ್ನು ಆರಂಭಿಸಿ, ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಎಲ್ಲರೂ ಕೈಕಟ್ಟಿ ಒಂದು ನಿಮಿಷ ನೋಡಬೇಕು. ತೆರೆಯ ಮೇಲಿನವನು ನಿಂತಲ್ಲಿಯೇ ನಿಂತರೆ ತಾಯಿಯು ಗಾದೆಯನ್ನು ಧಾರಾಳವಾಗಿ ಹೇಳಬಹುದು. ಯಾರೂ ಮುಟ್ಟದೆ ಅವನು ನಡೆಯತೊಡಗಿದರೆ ಮೊದಲು ಹುಡುಕಬೇಕಾದುದು ಖರೀದಿಯ ರಸೀದಿಯನ್ನು. ವಾರಂಟಿಯ ಅವಧಿ ಉಳಿದಿರಬಹುದು. ಅವಧಿ ಮೀರಿದ್ದರೆ ಬೆಸುಗೆ ಬಲ್ಲ ರಿಪೇರಿಯವನು ಸ್ಟಿಕ್ಕನ್ನಷ್ಟೇ ಬದಲಾಯಿಸಿಕೊಡಬಲ್ಲ. ಅಲ್ಲಿಯವರೆಗೆ, ಆಟದ ಸೆಟ್ಟಿಂಗಿನಲ್ಲಿ ‘ಡೆಡ್ ಜೋನ್’ ಎಂಬುದಿದ್ದರೆ ಅದನ್ನು ತುಸು ಹೆಚ್ಚಿಸಿ ಕಾಲ ತಳ್ಳಬಹುದು.

ಅದಕ್ಕೂ ಮುಂಚೆ ಆಗಬೇಕಾದ ಇನ್ನೊಂದು ರಿಪೇರಿಯಿದೆ. ಅದಕ್ಕೆ ಖರ್ಚಿಲ್ಲ. “ನೀನು ಹೇಳಿದ್ದು ನಿಜ ಮಗು, ಅಂಗಳವೇ ಡೊಂಕಾಗಿತ್ತು” ಎಂದು ತಾಯಿಯೋ ತಂದೆಯೋ ಒಂದು ಮಾತು ಹೇಳಿದರೆ ಸಾಕು.